ಪ್ರತಿಫಲ ಕೋಷ್ಟಕದ ಹಲಗೆ: ಯಾರ ಅಂಕಿ ಯಾವುದು ಅಂತ ಕೊನೆಯ ಬೆಂಚಿಗೂ ಕಾಣಬೇಕು

ಬೆಳಗಾವಿಯ ಪದವಿ ಕಾಲೇಜೊಂದರ ಅರ್ಥಶಾಸ್ತ್ರ ತರಗತಿಗೆ ಮಾಡಿದ ಅಯಸ್ಕಾಂತದ ಹಲಗೆಯ ಕೆಲಸವನ್ನು ಇಲ್ಲಿ ಬರೆದಿಟ್ಟಿದೆ. ಆಟ ಸಿದ್ಧಾಂತ ಅಂದರೆ ಒಬ್ಬರ ಫಲ ಇನ್ನೊಬ್ಬರ ಆಯ್ಕೆಗೂ ಕಟ್ಟಿಕೊಂಡಿರುವ ಸಂದರ್ಭಗಳ ಅಧ್ಯಯನ. ಅದರ ಪಾಠದಲ್ಲಿ ಇಬ್ಬರು ಆಟಗಾರರ ಪ್ರತಿಫಲ ಕೋಷ್ಟಕವನ್ನು, ಅಂದರೆ ಯಾವ ಆಯ್ಕೆಗೆ ಯಾರಿಗೆ ಎಷ್ಟು ಸಿಗುತ್ತದೆ ಎಂಬ ಪಟ್ಟಿಯನ್ನು, ದಿನಾಲೂ ಕರಿಹಲಗೆಯ ಮೇಲೆ ಖಡುವಿನಿಂದ ಬರೆದು ಅಳಿಸುವ ಬದಲು, ಅಂಕಿಗಳನ್ನು ಅಂಟಿಸಿ ಕೀಳುವಂಥ ಹಲಗೆ ಬೇಕಾಗಿತ್ತು. ಅಳತೆ 1220 × 900 ಮಿ.ಮೀ. ಕೊನೆಯ ಬೆಂಚು ಹಲಗೆಯಿಂದ 9 ಮೀಟರ್ ದೂರ. ಜತೆಗೆ ಅದೇ ಕೋಷ್ಟಕ ಕಾಗದದ ಮೇಲೂ ಅಚ್ಚಾಗಬೇಕು, ಜೆರಾಕ್ಸ್ ಮಾಡಿದರೂ ಅರ್ಥ ಕೆಡಬಾರದು.

ತಗಡು ಕತ್ತರಿಸುವುದಕ್ಕಿಂತ ಮೊದಲು ನಿರ್ಧಾರ ಆಗಬೇಕಾದದ್ದು ಒಂದೇ: ಕೋಷ್ಟಕದ ಒಂದು ಮನೆಯಲ್ಲಿ (ಚೌಕದಲ್ಲಿ) ಇಬ್ಬರ ಎರಡು ಅಂಕಿಗಳನ್ನು ಎಲ್ಲೆಲ್ಲಿ ಕೂರಿಸುವುದು? ಮನೆಯ ಅಳತೆ, ಅಂಕಿ ಬರೆದ ಅಯಸ್ಕಾಂತದ ಬಿಲ್ಲೆಯ ಅಳತೆ, ಗೆರೆಯ ಪಟ್ಟಿಯ ದಪ್ಪ ಎಲ್ಲವೂ ಈ ಉತ್ತರಕ್ಕೆ ಕಟ್ಟಿಕೊಂಡಿವೆ. ಆದ್ದರಿಂದ ಮೊದಲ ಹಂತದ ವಿವರವೇ ಹೆಚ್ಚಿದೆ.

ಹಂತ 1: ಮಾದರಿ ಆಟ, ಕಾಗದದ ಮೇಲೆ ಹೋಲಿಕೆ

ಪರೀಕ್ಷೆಗೆ ಆರಿಸಿದ್ದು ವಿಜಯಪುರ ಜಿಲ್ಲೆಯ ತಿಕೋಟಾ ಕಡೆಯ ದ್ರಾಕ್ಷಿ ತೋಟದ ಆಟ. ಬಸಪ್ಪ, ಗಂಗವ್ವ ಇಬ್ಬರದೂ ಅಕ್ಕಪಕ್ಕದ ತೋಟ, ನೆಲದೊಳಗಿನ ನೀರು ಒಂದೇ. ಬೋರ್‌ವೆಲ್ ಇದ್ದಷ್ಟೇ ಆಳ ಬಿಡುವುದು, ಇಲ್ಲವೇ ಇನ್ನೂ ಆಳ ಕೊರೆಸುವುದು, ಇವೇ ಎರಡು ತಂತ್ರ. ಇಬ್ಬರೂ ಸುಮ್ಮನಿದ್ದರೆ ವರ್ಷಕ್ಕೆ ತಲಾ 1,20,000 ರೂ. ಉಳಿತಾಯ. ಒಬ್ಬರೇ ಕೊರೆಸಿದರೆ ಕೊರೆಸಿದವರಿಗೆ 1,50,000, ಸುಮ್ಮನಿದ್ದವರಿಗೆ 60,000. ಇಬ್ಬರೂ ಕೊರೆಸಿದರೆ ತಲಾ 80,000. ಅಂಕಿಗಳು ಪಾಠಕ್ಕೆಂದು ಇಟ್ಟುಕೊಂಡವು. 1950ರಲ್ಲಿ ಮೆರಿಲ್ ಫ್ಲಡ್ ಮತ್ತು ಮೆಲ್ವಿನ್ ಡ್ರೆಶರ್ ರೂಪಿಸಿ, ಆಲ್ಬರ್ಟ್ ಟಕ್ಕರ್ ಕೈದಿಗಳ ಕಥೆ ಕಟ್ಟಿ ಹೆಸರಿಟ್ಟ "ಕೈದಿಗಳ ಇಕ್ಕಟ್ಟು" ಆಟದ ರಚನೆಯೇ ಇದು.

ಅಲ್ಪವಿರಾಮದ ಪದ್ಧತಿ. ಮನೆಯೊಳಗೆ ಒಂದೇ ಸಾಲಿನಲ್ಲಿ ಎರಡು ಅಂಕಿ, ನಡುವೆ ಅಲ್ಪವಿರಾಮ. ಮೊದಲನೆಯದು ಅಡ್ಡಸಾಲಿನ ಆಟಗಾರನದು, ಎರಡನೆಯದು ಕಂಬಸಾಲಿನ ಆಟಗಾರನದು. ಹೆಚ್ಚಿನ ಪುಸ್ತಕಗಳಲ್ಲಿ ಇರುವುದು ಇದೇ, ವಹಿಯಲ್ಲಿ ಬರೆಯಲಿಕ್ಕೂ ಬೇಗ. ಆದರೆ ರೂಪಾಯಿ ಬರೆದ ಕೂಡಲೇ ಕೆಡುತ್ತದೆ: "60,000, 1,50,000" ಎಂದು ಬರೆದರೆ ನಾಲ್ಕು ಅಲ್ಪವಿರಾಮಗಳಲ್ಲಿ ಯಾವುದು ಇಬ್ಬರನ್ನು ಬೇರೆ ಮಾಡುವುದು ಎಂದು ತಿಳಿಯುವುದಿಲ್ಲ. ಅರ್ಧವಿರಾಮ ಹಾಕಿದರೂ ದೂರದಿಂದ ಕಾಣುವುದಿಲ್ಲ. ಪರಿಹಾರ ಚಿಹ್ನೆ ಬದಲಿಸುವುದಲ್ಲ, ಏಕಮಾನ ಬದಲಿಸುವುದು. ಹತ್ತು ಸಾವಿರ ರೂಪಾಯಿ ಏಕಮಾನವಾದರೆ ಅಂಕಿಗಳು 12, 15, 6, 8 ಆಗುತ್ತವೆ. ಯಾವ ಪದ್ಧತಿಗೆ ಹೋದರೂ ಈ ಕೆಲಸ ಮೊದಲು ಮಾಡಬೇಕು. ಎರಡಂಕಿ ದಾಟದಂತೆ ಏಕಮಾನ ಆರಿಸಿ, ಅದನ್ನು ಕೋಷ್ಟಕದ ಮೇಲೆ ಒಂದೇ ಸಲ ಬರೆಯಿರಿ.

ಅಲ್ಪವಿರಾಮದ ದೊಡ್ಡ ತೊಂದರೆ ಬೇರೆ ಇದೆ. ಉತ್ತಮ ಪ್ರತ್ಯುತ್ತರ, ಅಂದರೆ ಎದುರಿನವರ ಒಂದು ತಂತ್ರಕ್ಕೆ ತನಗೆ ಹೆಚ್ಚು ಫಲ ಕೊಡುವ ತಂತ್ರ, ಹುಡುಕುವಾಗ ಅಡ್ಡಸಾಲಿನವನ ಅಂಕಿಗಳನ್ನು ಮೇಲಿನಿಂದ ಕೆಳಗೆ ಹೋಲಿಸಬೇಕು, ಕಂಬಸಾಲಿನವಳ ಅಂಕಿಗಳನ್ನು ಎಡದಿಂದ ಬಲಕ್ಕೆ. ಆದರೆ "6, 15" ಎಂದು ಪಕ್ಕಪಕ್ಕ ಕಂಡ ತಕ್ಷಣ ಕಣ್ಣು ಆ ಎರಡನ್ನೇ ಹೋಲಿಸುತ್ತದೆ. ಈ ಮನೆಯಲ್ಲಿ ಗಂಗವ್ವ ಗೆದ್ದಳು ಎಂಬ ಉತ್ತರ ಬರುತ್ತದೆ. ಆಟ ಸಿದ್ಧಾಂತದಲ್ಲಿ ಅಂಥ ಹೋಲಿಕೆಗೆ ಬೆಲೆಯೇ ಇಲ್ಲ. ಹೊಸಬರು ಮಾಡುವ ತಪ್ಪುಗಳಲ್ಲಿ ಇದೇ ಹೆಚ್ಚು. ಅವರ ಬುದ್ಧಿಗಿಂತ ಕೋಷ್ಟಕದ ಜೋಡಣೆಯೇ ಇದಕ್ಕೆ ಕಾರಣ.

ಬಣ್ಣದ ಪದ್ಧತಿ. ಬಸಪ್ಪನದು ಕೆಂಪು, ಗಂಗವ್ವನದು ಹಸಿರು. ಹಲಗೆಯ ಮೇಲೆ ಚೆಂದ ಕಾಣುತ್ತದೆ, ಜೆರಾಕ್ಸ್ ಮಾಡಿದರೆ ಎರಡೂ ಒಂದೇ ಬೂದು. ಕೆಂಪು-ಹಸಿರು ಬೇರೆ ಮಾಡಿ ನೋಡಲಾಗದ ಕಣ್ಣಿನವರು, ವಿಶೇಷವಾಗಿ ಗಂಡುಮಕ್ಕಳಲ್ಲಿ, ಯಾವ ತರಗತಿಯಲ್ಲೂ ಇರಬಹುದು. ನೀಲಿ-ಕಿತ್ತಳೆ ತೆಗೆದುಕೊಂಡರೆ ಆ ತೊಂದರೆ ತಪ್ಪೀತು, ಜೆರಾಕ್ಸಿನದು ತಪ್ಪದು. ಬಣ್ಣ ಇರಲಿ, ಆದರೆ ಅದೊಂದನ್ನೇ ನಂಬುವಂತೆ ಇಡಬೇಡಿ.

ಎರಡು ಪ್ರತ್ಯೇಕ ಕೋಷ್ಟಕ. ಬಸಪ್ಪನ ಅಂಕಿಗಳದೊಂದು ಮಾತೃಕೆ, ಗಂಗವ್ವನದೊಂದು. ಲೆಕ್ಕಕ್ಕೆ ಇದಕ್ಕಿಂತ ಒಳ್ಳೆಯದಿಲ್ಲ, 4 × 4 (ಒಬ್ಬೊಬ್ಬರಿಗೆ ನಾಲ್ಕು ತಂತ್ರ) ಮತ್ತು ಮೇಲಿನ ಆಟಗಳಿಗೆ ಇದೇ ಸರಿ. ತರಗತಿಯಲ್ಲಿ ಮಾತ್ರ ಒಂದೇ ಫಲಿತಾಂಶವನ್ನು ಎರಡು ಕಡೆ ಹುಡುಕಬೇಕಾಗುತ್ತದೆ, ಹಲಗೆಯೂ ಎರಡು ಪಟ್ಟು ಬೇಕು.

ಓರೆ ಜೋಡಣೆ. ಮನೆಯ ಕೆಳ-ಎಡ ಮೂಲೆಯಲ್ಲಿ ಅಡ್ಡಸಾಲಿನವನ ಅಂಕಿ, ಮೇಲ್-ಬಲ ಮೂಲೆಯಲ್ಲಿ ಕಂಬಸಾಲಿನವಳ ಅಂಕಿ. ಹೀಗೆ ಅಂಕಿಗಳನ್ನು ಓರೆಯಾಗಿ ಕೂರಿಸುವ ಕ್ರಮಕ್ಕೆ ಥಾಮಸ್ ಶೆಲ್ಲಿಂಗ್ ಹೆಸರು ಹೇಳುತ್ತಾರೆ. 2005ರ ಅರ್ಥಶಾಸ್ತ್ರದ ನೊಬೆಲ್ ರಾಬರ್ಟ್ ಔಮನ್ ಜತೆ ಅವರಿಗೆ ಬಂತು. ಇದರ ಬಲ ಇರುವುದು ಇಲ್ಲಿ: ಅಡ್ಡಸಾಲಿನವನ ಹೆಸರು, ತಂತ್ರ ಎಡಕ್ಕಿವೆ, ಅವನ ಅಂಕಿಯೂ ಎಡಕ್ಕೆ ವಾಲಿದೆ. ಕಂಬಸಾಲಿನವಳ ಹೆಸರು ಮೇಲಿದೆ, ಅವಳ ಅಂಕಿಯೂ ಮೇಲಕ್ಕೆ. ಹೋಲಿಸಬೇಕಾದ ಅಂಕಿಗಳು ತಾವಾಗಿಯೇ ಒಂದು ಗೆರೆಗೆ ಬರುತ್ತವೆ. ಬಸಪ್ಪನ ಅಂಕಿಗಳು ಪ್ರತಿ ಕಂಬಸಾಲಿನ ಎಡ ಅಂಚಿನಲ್ಲಿ ಒಂದರ ಕೆಳಗೊಂದು, ಗಂಗವ್ವನವು ಪ್ರತಿ ಅಡ್ಡಸಾಲಿನ ಮೇಲಂಚಿನಲ್ಲಿ ಒಂದರ ಪಕ್ಕ ಒಂದು. ಹೋಲಿಸಬಾರದ ಜೋಡಿ, ಅಂದರೆ ಒಂದೇ ಮನೆಯ ಎರಡು ಅಂಕಿಗಳು, ಎದುರುಬದುರು ಮೂಲೆಗೆ ಹೋಗುತ್ತವೆ.

ತೀರ್ಮಾನ: 2 × 2 ಮತ್ತು 3 × 3ಕ್ಕೆ ಹಲಗೆಯ ಮೇಲೆ ಓರೆ ಜೋಡಣೆ. ವಹಿಯಲ್ಲಿ ಬರೆದುಕೊಳ್ಳಲು ಅಲ್ಪವಿರಾಮ. ಲೆಕ್ಕಕ್ಕೆ ಎರಡು ಮಾತೃಕೆ. ಒಬ್ಬರ ಲಾಭ ಇನ್ನೊಬ್ಬರ ನಷ್ಟವೇ ಆಗಿರುವ ಆಟಕ್ಕೆ ಮನೆಗೊಂದೇ ಅಂಕಿ ಸಾಕು, ಎರಡು ಬರೆದರೆ ಗದ್ದಲ.

ಹಂತ 2: ಹಲಗೆಯ ವಿಭಾಗ

ಜಿ.ಐ. ತಗಡು, ಅಂದರೆ ಸತುವು ಲೇಪಿಸಿದ ಕಬ್ಬಿಣದ ತಗಡು, ಬರುವುದು 2440 × 1220 ಮಿ.ಮೀ. ಅಳತೆಯಲ್ಲಿ, ಅಂದರೆ 8 × 4 ಅಡಿ. ಅದರಿಂದ 1220 × 900ರ ಎರಡು ತುಂಡು ತೆಗೆದು, 640 × 1220ರ ತುಂಡೊಂದು ಉಳಿಯುತ್ತದೆ. ಆದ್ದರಿಂದ ಹಲಗೆಯ ಅಗಲ ಸರಿಯಾಗಿ 1200 ಅಲ್ಲ, 1220. ಅಂಚು ಕತ್ತರಿಸುವ ಕೂಲಿ ಉಳಿಯುತ್ತದೆ.

ಅಗಲದಲ್ಲಿ: ತಂತ್ರದ ಹೆಸರುಗಳಿಗೆ ಎಡಕ್ಕೆ 320, ಮನೆಗಳಿಗೆ 900. ಎತ್ತರದಲ್ಲಿ: ಕಂಬಸಾಲಿನವರ ಹೆಸರಿಗೆ 100, ಅವರ ತಂತ್ರಗಳಿಗೆ 140, ಮನೆಗಳಿಗೆ 660. 900 × 660 ಜಾಗ 2 × 2ರಲ್ಲಿ 450 × 330ರ ನಾಲ್ಕು ಮನೆ ಆಗುತ್ತದೆ, 3 × 3ರಲ್ಲಿ 300 × 220ರ ಒಂಬತ್ತು. ಎರಡಕ್ಕೂ ಶೇಷವಿಲ್ಲದೆ ಭಾಗವಾಗುತ್ತದೆ ಎಂಬುದಕ್ಕೇ 900 ಮತ್ತು 660 ಆರಿಸಿದ್ದು. ಒಳಗೆರೆಗಳನ್ನು ಅಚ್ಚು ಹಾಕಿಸಬೇಡಿ. ಅಂಚಿನಲ್ಲಿ 300, 450, 600 ಮತ್ತು 220, 330, 440ಕ್ಕೆ ತಿಳಿಬೂದು ಗುರುತು ಇದ್ದರೆ ಸಾಕು; ಗೆರೆಯ ಕೆಲಸ ಅಯಸ್ಕಾಂತದ ಪಟ್ಟಿ ಮಾಡುತ್ತದೆ.

ಮೇಲ್-ಎಡ ಮೂಲೆಯ 320 × 240ರ ಖಾಲಿ ಜಾಗವನ್ನು ಬಹಳ ಕಡೆ ಸುಮ್ಮನೆ ಬಿಡುತ್ತಾರೆ. ಇಲ್ಲಿ ಅದೇ ಕೀಲಿ. ಅದಕ್ಕೂ ಮೇಲ್-ಎಡದಿಂದ ಕೆಳ-ಬಲಕ್ಕೆ ಓರೆಗೆರೆ ಹಾಕಿ, ಕೆಳ-ಎಡಕ್ಕೆ "ಬಸಪ್ಪ", ಮೇಲ್-ಬಲಕ್ಕೆ "ಗಂಗವ್ವ" ಎಂದು ಹಚ್ಚಿದರೆ, ಯಾವ ಮನೆಯಲ್ಲಿ ಯಾವ ಮೂಲೆ ಯಾರದು ಎಂಬುದಕ್ಕೆ ಬೇರೆ ವಿವರಣೆ ಬೇಡ. ಅಡ್ಡಸಾಲಿನವನ ಹೆಸರನ್ನು 90 ಡಿಗ್ರಿ ತಿರುಗಿಸಿ ಎಡ ಅಂಚಿನಲ್ಲಿ ನಿಲ್ಲಿಸುವ ಪದ್ಧತಿ ಕನ್ನಡಕ್ಕೆ ಒಗ್ಗುವುದಿಲ್ಲ. ಒತ್ತಕ್ಷರಗಳು ಪಕ್ಕಕ್ಕೆ ಬಂದು ಬಿದ್ದಂತೆ ಕಂಡು ಓದಲು ತಲೆ ಓರೆ ಮಾಡಬೇಕಾಗುತ್ತದೆ.

ಹೆಸರುಗಳ ಆಯ್ಕೆಯಲ್ಲೂ ಎಚ್ಚರ ಬೇಕು. ಮೊದಲ ಕರಡಿನಲ್ಲಿ ಆಟಗಾರರು "ಮೇಲಿನ ಹೊಲ", "ಕೆಳಗಿನ ಹೊಲ" ಎಂದಿದ್ದರು. ಮೇಲಿನ ಹೊಲದವನ ಅಂಕಿ ಮನೆಯ ಕೆಳಗೆ ಬಂದು ಇಡೀ ಕೋಷ್ಟಕ ತಲೆಕೆಳಗಾಯಿತು. ದಿಕ್ಕು ಹೇಳುವ ಹೆಸರು ಬೇಡ. ದೂರದಿಂದ ಒಂದೇ ಥರ ಕಾಣುವ ಮೊದಲಕ್ಷರಗಳೂ ಬೇಡ: ವ, ಪ, ಮ, ಷ ಜತೆಯಲ್ಲಿ ಬಂದರೆ ಹಿಂದಿನ ಬೆಂಚಿಗೆ ಗೊಂದಲ. ಬ ಮತ್ತು ಗ ಬೇರೆಯಾಗಿ ಕಾಣುತ್ತವೆ.

ಹಂತ 3: ಅಂಕಿ ಯಾವ ಲಿಪಿಯದು, ಎಷ್ಟು ದೊಡ್ಡದು

ಕನ್ನಡ ಅಂಕಿ ಹಾಕುವ ಆಸೆ ಸಹಜ. ಒಂದು ಮಾದರಿ ಅಚ್ಚು ತೆಗೆದು 9 ಮೀಟರ್ ದೂರದಲ್ಲಿ ಇಟ್ಟರೆ ೧ ಮತ್ತು ೦ ಒಂದೇ ಉಂಗುರದಂತೆ ಕಾಣುತ್ತವೆ, ೬ ಮತ್ತು ೯ ಕೂಡ ತಡವರಿಸುತ್ತವೆ. ಬೆಳಗಾವಿಯ ತರಗತಿಯಲ್ಲಿ ಮರಾಠಿ ಮಾಧ್ಯಮದಿಂದ ಬಂದವರೂ ಕೂರುತ್ತಾರೆ, ಅವರಿಗೆ ಶಾಲೆಯಲ್ಲಿ ರೂಢಿಯಾದದ್ದು ದೇವನಾಗರಿ ಅಂಕಿ. ಎಲ್ಲರಿಗೂ ಸಮಾನವಾದದ್ದು 0ಯಿಂದ 9. ತಂತ್ರದ ಹೆಸರು, ಆಟಗಾರರ ಹೆಸರು ಕನ್ನಡದಲ್ಲಿ. ಅಂಕಿ ಮಾತ್ರ ಇವು.

ಎತ್ತರದ ಲೆಕ್ಕ ಹೀಗೆ. ಆರೋಗ್ಯವಂತ ಕಣ್ಣು 6 ಮೀಟರಿನಿಂದ ಓದಬಲ್ಲ ಅಕ್ಷರ ಸುಮಾರು 8.7 ಮಿ.ಮೀ.; 9 ಮೀಟರಿಗೆ 13 ಮಿ.ಮೀ. ಇದು ಕಷ್ಟಪಟ್ಟು ಓದುವ ಕನಿಷ್ಠ. ನೋಡಿದ ತಕ್ಷಣ ತಿಳಿಯಬೇಕಾದರೆ ಅದರ ಸುಮಾರು ನಾಲ್ಕು ಪಟ್ಟಾದರೂ ಬೇಕು. ದೊಡ್ಡ ಬಿಲ್ಲೆ 70 × 100, ಅದರಲ್ಲಿ ಅಂಕಿಯ ಎತ್ತರ 75. ಸಣ್ಣ ಬಿಲ್ಲೆ 50 × 70, ಅಂಕಿ 50.

ಎರಡು ಅಳತೆ ಯಾಕೆ ಬೇಕಾಯಿತು? ಬಿಲ್ಲೆ ಓರೆಗೆರೆಯನ್ನು ದಾಟಬಾರದು. ಪರೀಕ್ಷೆ ಸುಲಭ: ಮೂಲೆಯಿಂದ ಬಿಲ್ಲೆ ಮುಗಿಯುವವರೆಗಿನ ಅಗಲವನ್ನು ಮನೆಯ ಅಗಲದಿಂದ ಭಾಗಿಸಿ, ಎತ್ತರವನ್ನು ಮನೆಯ ಎತ್ತರದಿಂದ ಭಾಗಿಸಿ, ಎರಡನ್ನೂ ಕೂಡಿಸಿ. ಮೊತ್ತ 1ಕ್ಕಿಂತ ಕಡಿಮೆ ಇರಬೇಕು. ಮೂಲೆಯಲ್ಲಿ 20 ಮಿ.ಮೀ. ಬಿಟ್ಟು ಲೆಕ್ಕ ಹಾಕಿದರೆ:

2 × 2ರಲ್ಲಿ ಮೈನಸ್ ಸಹಿತ ಎರಡಂಕಿ, ದೊಡ್ಡ ಬಿಲ್ಲೆ ಮೂರು: 230/450 + 120/330 = 0.87. ಆರಾಮ.
3 × 3ರಲ್ಲಿ ಬರೀ ಎರಡಂಕಿ, ದೊಡ್ಡ ಬಿಲ್ಲೆ ಎರಡು: 160/300 + 120/220 = 1.08. ಗೆರೆಯ ಮೇಲೆ ಹತ್ತುತ್ತದೆ.
3 × 3ರಲ್ಲಿ ಮೈನಸ್ ಸಹಿತ ಎರಡಂಕಿ, ಸಣ್ಣ ಬಿಲ್ಲೆ ಮೂರು: 170/300 + 90/220 = 0.98. ಹಿಡಿಯುತ್ತದೆ, ಅಷ್ಟೇ.

ಬಿಲ್ಲೆ ಪಟ್ಟಿಯ ಮೇಲೆ ಹತ್ತಿದರೆ ನೋಟ ಕೆಡುವುದಷ್ಟೇ ಅಲ್ಲ, ಒಂದು ಅಂಚು ತಗಡಿನಿಂದ ಎದ್ದು ಫ್ಯಾನಿನ ಗಾಳಿಗೆ ಉದುರುತ್ತದೆ.

ದೊಡ್ಡ ಬಿಲ್ಲೆ ಎಷ್ಟು: 1ರಿಂದ 9ರವರೆಗೆ ತಲಾ 6, ಸೊನ್ನೆ 12, ಮೈನಸ್ 8, ಒಟ್ಟು 74. ಎ3 ಅಳತೆಯ ಅಯಸ್ಕಾಂತದ ಹಾಳೆಯೊಂದರಲ್ಲಿ 16 ಬಿಲ್ಲೆ ಕೂರುತ್ತವೆ, 5 ಹಾಳೆಗೆ 80. ಉಳಿದ 6ನ್ನು ಖಾಲಿ ಬಿಡಿ, ಅಪರೂಪಕ್ಕೆ ಬರುವ ದಶಮಾಂಶಕ್ಕೋ ಪ್ರಶ್ನಾರ್ಥಕಕ್ಕೋ ಆಗುತ್ತವೆ. ಸಣ್ಣ ಬಿಲ್ಲೆ ಹಾಳೆಗೆ 30ರಂತೆ 2 ಹಾಳೆಗೆ 60: ಪ್ರತಿ ಅಂಕಿ 5, ಮೈನಸ್ 10.

ಬಿಡಿ ಬಿಲ್ಲೆ ಎಂದ ಮೇಲೆ 6 ಮತ್ತು 9 ಬೇರೆ ಮಾಡಲೇಬೇಕು. ತಲೆಕೆಳಗೆ ಹಚ್ಚಿದ 6 ಇಡೀ ಆಟದ ಉತ್ತರವನ್ನೇ ಬದಲಿಸುತ್ತದೆ. ಅಂಕಿಯ ಕೆಳಗೆ 4 ಮಿ.ಮೀ. ದಪ್ಪದ ಅಡಿಗೆರೆ ಹಾಕಿದರೆ ಸಾಕು. ಆದರೆ ಇದರಿಂದ ಇನ್ನೊಂದು ಕಡೆ ಕಟ್ಟು ಬೀಳುತ್ತದೆ: ಉತ್ತಮ ಪ್ರತ್ಯುತ್ತರವನ್ನು ಅಂಕಿಯ ಅಡಿಗೆರೆಯಿಂದ ಗುರುತಿಸುವ ರೂಢಿ ಈ ಹಲಗೆಯ ಮೇಲೆ ನಡೆಯುವುದಿಲ್ಲ. ಅಡಿಗೆರೆಯ 6 ಎಲ್ಲ ಕಡೆ ಉತ್ತಮ ಪ್ರತ್ಯುತ್ತರದಂತೆ ಕಾಣುತ್ತದೆ. ಅದರ ಬದಲು 40 ಮಿ.ಮೀ.ಯ ಗುರುತು ಬಿಲ್ಲೆ: ಅಡ್ಡಸಾಲಿನವನಿಗೆ ಚೌಕ, ಕಂಬಸಾಲಿನವಳಿಗೆ ವೃತ್ತ. ಅಂಕಿಯ ಪಕ್ಕ ಹಚ್ಚುವುದು. ಚೌಕ, ವೃತ್ತ ಎರಡೂ ಬಿದ್ದ ಮನೆ ನ್ಯಾಶ್ ಸಮತೋಲನ, ಅಂದರೆ ಯಾರೊಬ್ಬರೂ ತಾವೊಬ್ಬರೇ ತಂತ್ರ ಬದಲಿಸಿ ಹೆಚ್ಚು ಪಡೆಯಲಾಗದ ಸ್ಥಿತಿ. ಆಕಾರವಾದ್ದರಿಂದ ಜೆರಾಕ್ಸಿನಲ್ಲೂ ಉಳಿಯುತ್ತದೆ.

ಹಂತ 4: ತಗಡು, ಪ್ಲೈ, ಅಂಟು

ಬೆಳಗಾವಿಯ ಕೈಗಾರಿಕಾ ಪ್ರದೇಶವಾದ ಉದ್ಯಮಬಾಗದಲ್ಲಿ 0.5 ಮಿ.ಮೀ. ತಗಡನ್ನು ಶೀರಿಂಗ್ ಯಂತ್ರದಲ್ಲಿ ಕತ್ತರಿಸಿಕೊಳ್ಳುವುದೇ ಲೇಸು. ಕೈಕತ್ತರಿಯಲ್ಲಿ ಅಂಚು ಅಲೆಅಲೆಯಾಗುತ್ತದೆ, ಆಮೇಲೆ ಪ್ಲೈಗೆ ಕೂರುವುದಿಲ್ಲ. ಅಂಗಡಿಯಲ್ಲಿ ಸ್ಟೇನ್‌ಲೆಸ್ ಸ್ಟೀಲ್ ತೋರಿಸಿದರೆ ಅಯಸ್ಕಾಂತ ಇಟ್ಟು ನೋಡಿ. ಸಾಮಾನ್ಯವಾಗಿ ಸಿಗುವ 304 ದರ್ಜೆಗೆ ಅದು ಹಿಡಿಯುವುದಿಲ್ಲ. ಅಗ್ಗದ ವೈಟ್‌ಬೋರ್ಡ್‌ಗಳಲ್ಲೂ ಬಹುಪಾಲಿಗೆ ಹಿಂದೆ ತಗಡು ಇರುವುದಿಲ್ಲ.

ತಗಡನ್ನು ಥಿನ್ನರ್‌ನಿಂದ ಒರೆಸಿ ಎಣ್ಣೆ ತೆಗೆಯಬೇಕು. ಹಿಂದೆ 12 ಮಿ.ಮೀ. ಪ್ಲೈ. ಬಿಳಿ ಮರದ ಗಮ್ ಇಲ್ಲಿ ಕೆಲಸಕ್ಕೆ ಬಾರದು, ನೀರಿನ ಆ ಗಮ್ ತಗಡಿನ ಅಡಿ ಸರಿಯಾಗಿ ಆರುವುದಿಲ್ಲ, ನುಣುಪು ಸತುವಿಗೆ ಕಚ್ಚುವುದೂ ಇಲ್ಲ; ಮೂಲೆ ಎತ್ತಿದರೆ ಪೂರ್ತಿ ಬಿಟ್ಟುಕೊಳ್ಳುತ್ತದೆ. ರಬ್ಬರ್ ಆಧಾರದ ಕಾಂಟ್ಯಾಕ್ಟ್ ಗಮ್ ಎರಡೂ ಮೈಗೆ ಬಳಿದು, ಬೆರಳಿಗೆ ಅಂಟದಷ್ಟು ಆರಿದ ಮೇಲೆ ಕೂಡಿಸಬೇಕು. ಒಮ್ಮೆ ತಾಗಿದರೆ ಸರಿಸಲಾಗದು. ಆದ್ದರಿಂದ ನಡುವೆ ನಾಲ್ಕೈದು ಕಟ್ಟಿಗೆ ಪಟ್ಟಿ ಇಟ್ಟು, ತಗಡನ್ನು ಅಂಚಿಗೆ ಹೊಂದಿಸಿ, ಒಂದು ಕಡೆಯಿಂದ ಪಟ್ಟಿ ಎಳೆಯುತ್ತ ಒತ್ತಿಕೊಂಡು ಹೋಗಿ.

ಮೇಲೆ ಆಯಿಲ್ ಪೇಂಟ್ ಬಳಿಯಬೇಡಿ. ಹೊಸ ಜಿ.ಐ. ಮೇಲೆ ಅದು ಕೆಲವೇ ತಿಂಗಳಲ್ಲಿ ಹಪ್ಪಳೆಯೇಳುತ್ತದೆ, ಸತುವು ಬಣ್ಣದ ಎಣ್ಣೆಯ ಅಂಶವನ್ನು ಸಾಬೂನಿನಂತೆ ಮಾಡಿ ಹಿಡಿತ ಬಿಡಿಸುತ್ತದೆ. ಮ್ಯಾಟ್ ವಿನೈಲ್ ಸ್ಟಿಕರ್ ಸರಿ. ಹೊಳಪಿನ ವಿನೈಲ್ ಆದರೆ ಟ್ಯೂಬ್‌ಲೈಟ್ ಬೆಳಕು ನೇರ ನಡುಮನೆಗೆ ಬಡಿದು ಅಂಕಿ ಮಾಯ. ಸಾಬೂನು ನೀರು ಸಿಂಪಡಿಸಿ ಹಚ್ಚಿ, ನಡುವಿನಿಂದ ಅಂಚಿಗೆ ರಬ್ಬರ್ ಪಟ್ಟಿಯಿಂದ ನೀರು ದೂಡಬೇಕು. ಮ್ಯಾಟ್ ವಿನೈಲ್ ಮೇಲೆ ಮಾರ್ಕರ್‌ನಿಂದ ಬರೆಯಬಾರದು, ನೆರಳು ಉಳಿಯುತ್ತದೆ. ಅಂಚಿಗೆ ಅಲ್ಯೂಮಿನಿಯಂ ಯು-ಪಟ್ಟಿ, ಸುತ್ತಳತೆ 4.24 ಮೀಟರ್.

ಸಿದ್ಧ ಹಲಗೆಯ ತೂಕ ಸುಮಾರು 13 ಕಿಲೋ. ಗೋಡೆಗೆ 8 ಮಿ.ಮೀ. ಪ್ಲಗ್ ಮತ್ತು ಸ್ಕ್ರೂ ನಾಲ್ಕು.

ಹಂತ 5: ಕನ್ನಡ ಅಚ್ಚಿನ ತೊಡಕು

ಫ್ಲೆಕ್ಸ್ ಅಂಗಡಿಗಳಲ್ಲಿ ಇನ್ನೂ ಹಳೆಯ ಕೋರಲ್‌ಡ್ರಾ, ಹಳೆಯ ನುಡಿ ಅಕ್ಷರಗಳ ಬಳಕೆ ಇದೆ. ಯೂನಿಕೋಡ್‌ನಲ್ಲಿ ಬರೆದ "ಇದ್ದಷ್ಟೇ ಆಳ" ಅಲ್ಲಿ ತೆರೆದರೆ ಒತ್ತಕ್ಷರ ಬಿಡಿಬಿಡಿಯಾಗಿ, ದ ಪಕ್ಕ ಇನ್ನೊಂದು ದ ಬಂದು ಕೂರುತ್ತದೆ. ಕಡತವನ್ನು ವರ್ಡ್ ರೂಪದಲ್ಲಿ ಕಳಿಸಬೇಡಿ. ಅಕ್ಷರವಿನ್ಯಾಸ ಒಳಸೇರಿಸಿದ ಪಿಡಿಎಫ್ ಕೊಟ್ಟು, ಅಂಗಡಿಯವರು ಅದನ್ನು ತೆರೆಯುವಾಗ ಪಠ್ಯವನ್ನು ಕರ್ವ್ ಆಗಿ (ಅಕ್ಷರದ ಬದಲು ಆಕಾರವಾಗಿ) ತೆಗೆದುಕೊಳ್ಳುವ ಆಯ್ಕೆ ಒತ್ತಲು ಹೇಳಬೇಕು. ಅಚ್ಚಿಗೆ ಬಿಡುವ ಮುನ್ನ ಪರದೆಯ ಮೇಲೆ ಪ್ರತಿ ಒತ್ತಕ್ಷರ ನೋಡಿಕೊಳ್ಳಿ.

ತಂತ್ರದ ಪಟ್ಟಿಗೆ 140 ಮಿ.ಮೀ. ಬಿಟ್ಟದ್ದೂ ಇದಕ್ಕೇ. ಮೂಲ ಅಕ್ಷರ 45 ಮಿ.ಮೀ. ಇದ್ದರೂ ಮೇಲಿನ ಗುಣಿತ, ಕೆಳಗಿನ ಒತ್ತು ಸೇರಿ ಅದರ ಎರಡು ಪಟ್ಟು ಎತ್ತರ ಬೇಡುತ್ತದೆ. ಇಂಗ್ಲಿಷ್ ಅಕ್ಷರಕ್ಕೆ ಹೊಂದಿಸಿದ ಅಳತೆಯಲ್ಲಿ "ಷ್ಟೇ" ಕತ್ತರಿಸಿಹೋಗುತ್ತದೆ.

ಹಂತ 6: ಅಯಸ್ಕಾಂತದ ಬಿಲ್ಲೆ, ಪಟ್ಟಿ

ಮೊದಲ ಮಾದರಿ ಬಿಲ್ಲೆ: 3 ಮಿ.ಮೀ. ಸನ್‌ಬೋರ್ಡ್ (ಹಗುರವಾದ ಪ್ಲಾಸ್ಟಿಕ್ ಫೋಮ್ ಹಲಗೆ), ಹಿಂದೆ 10 × 2 ಮಿ.ಮೀ.ಯ ನಿಯೋಡಿಮಿಯಂ ಗುಂಡಿ ಎರಡು. ಎಳೆದರೆ ಗಟ್ಟಿ, ಆದರೆ ಹಲಗೆಗುಂಟ ಕೆಳಗೆ ಜಾರುತ್ತದೆ. ಗುಂಡಿ ತಾಗುವ ಜಾಗ ಬಹಳ ಚಿಕ್ಕದು, ವಿನೈಲ್ ನುಣುಪು. ಕಿತ್ತು ತೆಗೆಯಲು ಬೇಕಾದ ಬಲಕ್ಕಿಂತ ಜಾರಿಸಲು ಬೇಕಾದ ಬಲ ತೀರ ಕಡಿಮೆ. ಮೇಲಾಗಿ ಎರಡು ಬಿಲ್ಲೆ ಹತ್ತಿರ ತಂದರೆ ಒಂದಕ್ಕೊಂದು ಹಾರಿ ಅಂಟುತ್ತವೆ. ಓರೆ ಜೋಡಣೆಯಲ್ಲಿ ಜಾರುವುದು ದೊಡ್ಡ ದೋಷ: ಮೇಲ್-ಬಲದ ಅಂಕಿ ಸ್ವಲ್ಪ ಜಾರಿದರೂ ಗೆರೆ ದಾಟಿ ಇನ್ನೊಬ್ಬರ ಅಂಕಿಯಾಗುತ್ತದೆ. 0.5 ಮಿ.ಮೀ. ರಬ್ಬರ್ ಹಾಳೆ ಬರಿಯ ಸ್ಟಿಕರ್ ಹೊರುತ್ತದೆ, ಗಾಳಿಗೆ ಅಂಚು ಮಿಡಿಯುತ್ತದೆ. 1 ಮಿ.ಮೀ. ಹಾಳೆಗೆ ನೇರ ಸ್ಟಿಕರ್ ಹಚ್ಚಿ ಕತ್ತರಿಸಿದ್ದು ನಿಂತಿತು. ಹಾಳೆಯ ಒಂದು ಮೈ ಮಾತ್ರ ಬಲವಾಗಿ ಹಿಡಿಯುತ್ತದೆ, ಸ್ಟಿಕರ್ ಹಚ್ಚುವ ಮುನ್ನ ಯಾವ ಮೈ ಎಂದು ತಗಡಿಗೆ ಹಚ್ಚಿ ನೋಡಿ.

ಗೆರೆಗಳಿಗೆ 10 ಮಿ.ಮೀ. ಕಪ್ಪು ಪಟ್ಟಿಯನ್ನೇ ಎಲ್ಲ ಕಡೆ ಹಾಕಿದಾಗ ಹೊಸ ತೊಡಕು ಕಂಡಿತು. 2 × 2 ಕೋಷ್ಟಕದ ನಟ್ಟನಡುವೆ, ಕೆಳ-ಎಡ ಮನೆಯ ಮೇಲ್-ಬಲ ಅಂಕಿಯೂ ಮೇಲ್-ಬಲ ಮನೆಯ ಕೆಳ-ಎಡ ಅಂಕಿಯೂ ಎದುರಾಗುತ್ತವೆ. ದ್ರಾಕ್ಷಿ ತೋಟದ ಆಟದಲ್ಲಿ ಅವೆರಡೂ 6. ಬೇರೆ ಬೇರೆ ಮನೆಯ ಈ ಎರಡು ಅಂಕಿಗಳು ಒಂದೇ ಜೋಡಿಯಂತೆ ಕಾಣುತ್ತವೆ, ಯಾಕೆಂದರೆ ಮನೆಯ ಗೋಡೆಗೂ (ಮನೆಗಳನ್ನು ಬೇರೆ ಮಾಡುವ ಗೆರೆಗೂ) ಓರೆಗೆರೆಗೂ ಒಂದೇ ದಪ್ಪ. ಮನೆಯ ಗೋಡೆಗೆ 20 ಮಿ.ಮೀ., ಓರೆಗೆರೆಗೆ 10 ಮಿ.ಮೀ. ಮಾಡಿದ ಮೇಲೆ ಗೊಂದಲ ಹೋಯಿತು. ಕಾಗದದ ಮೇಲೂ ಇದೇ ಅನುಪಾತ ಇಡಿ.

ಓರೆಯ ಪೂರ್ತಿ ಉದ್ದ 2 × 2ರಲ್ಲಿ 558, 3 × 3ರಲ್ಲಿ 372. ಎರಡೂ ತುದಿ 25 ಮಿ.ಮೀ. ಕಡಿಮೆ ಮಾಡಿ 508 ಮತ್ತು 322ಕ್ಕೆ ಕತ್ತರಿಸಿದರೆ ಗೋಡೆಯ ಪಟ್ಟಿಯ ಮೇಲೆ ಹತ್ತುವುದಿಲ್ಲ. ಒಟ್ಟು 4 ಉದ್ದದವು, 9 ಗಿಡ್ಡವು. ಗೋಡೆಗೆ 900ರವು ಎರಡು, 660ರವು ಎರಡು. 2 × 2ಕ್ಕೆ ಇವುಗಳಲ್ಲೇ ಒಂದೊಂದು ಸಾಕು. ಮೂಲೆಯ ಕೀಲಿಯ ಓರೆಗೆರೆ ಬದಲಾಗುವುದಿಲ್ಲವಾದ್ದರಿಂದ ವಿನೈಲ್ ಮೇಲೇ ಅಚ್ಚು.

ಕಾಗದದ ಪ್ರತಿಗೆ

ಲಿಬ್ರೆಆಫೀಸ್ ಕ್ಯಾಲ್ಕ್ ಎಂಬ ಸ್ಪ್ರೆಡ್‌ಶೀಟ್ ತಂತ್ರಾಂಶದಲ್ಲಿ ಒಂದೇ ಕೋಶಕ್ಕೆ ಓರೆಗೆರೆ ಹಾಕಿ, ಜಾಗ ಬಿಟ್ಟು ಬಿಟ್ಟು ಎರಡು ಅಂಕಿ ಬರೆಯುವುದು ಎಲ್ಲರಿಗೂ ಮೊದಲು ಹೊಳೆಯುವ ದಾರಿ. ಕಂಬಸಾಲಿನ ಅಗಲ ಬದಲಾದ ಕೂಡಲೇ ಅಂಕಿ ಗೆರೆ ದಾಟುತ್ತದೆ. ಅದಕ್ಕಿಂತ ಕೆಟ್ಟದ್ದೆಂದರೆ, ಆ ಕೋಶ ಪಠ್ಯವಾಗಿಬಿಡುತ್ತದೆ, ದೊಡ್ಡ ಅಂಕಿ ಹುಡುಕುವ ಮ್ಯಾಕ್ಸ್ ಸೂತ್ರ 0 ಕೊಡುತ್ತದೆ.

ಸರಿಯಾದ ದಾರಿ: ಆಟದ ಒಂದು ಮನೆಗೆ ನಾಲ್ಕು ಕೋಶ. ಹೆಸರುಗಳು ಎ ಕಂಬಸಾಲಿನಲ್ಲಿ, ಮನೆಗಳು ಬಿ-ಸಿ ಮತ್ತು ಡಿ-ಇ. ಅಡ್ಡಸಾಲು 3-4 ಮತ್ತು 5-6. ಬಸಪ್ಪನ ಅಂಕಿಗಳು ಬಿ4, ಡಿ4, ಬಿ6, ಡಿ6. ಗಂಗವ್ವನವು ಸಿ3, ಇ3, ಸಿ5, ಇ5. ಉಳಿದ ಖಾಲಿ ಕೋಶಗಳಿಗೆ, ಅಂದರೆ ಬಿ3, ಸಿ4 ಮುಂತಾದವಕ್ಕೆ, ಮೇಲ್-ಎಡದಿಂದ ಕೆಳ-ಬಲಕ್ಕೆ ಓರೆ ಅಂಚು. ಎರಡೂ ತುಂಡು ಮನೆಯ ನಡುವೆ ಕೂಡಿಕೊಂಡು ಒಂದೇ ಗೆರೆಯಾಗುತ್ತದೆ. ಕಂಬಸಾಲುಗಳ ಅಗಲ ಒಂದೇ, ಅಡ್ಡಸಾಲುಗಳ ಎತ್ತರ ಒಂದೇ ಇರಲಿ, ಇಲ್ಲವಾದರೆ ಗೆರೆ ನಡುವೆ ಮುರಿದಂತೆ ಕಾಣುತ್ತದೆ. ಕೋಶಗಳನ್ನು ಒಂದುಗೂಡಿಸಬೇಡಿ. ಎತ್ತರವನ್ನು ಕೈಯಾರೆ ನಿಗದಿ ಮಾಡಿ.

ಉತ್ತಮ ಪ್ರತ್ಯುತ್ತರದ ಗುರುತಿಗೆ ಷರತ್ತಿನ ವಿನ್ಯಾಸ (ಕಂಡೀಶನಲ್ ಫಾರ್ಮ್ಯಾಟಿಂಗ್): ಬಿ4ಕ್ಕೆ ಬಿ4 ಮತ್ತು ಬಿ6ರ ಮ್ಯಾಕ್ಸ್‌ಗೆ ಸಮವೇ ಎಂಬ ಷರತ್ತು, ಸಿ3ಕ್ಕೆ ಸಿ3 ಮತ್ತು ಇ3ರ ಮ್ಯಾಕ್ಸ್‌ಗೆ ಸಮವೇ ಎಂದು. ಎರಡು ಅಂಕಿ ಸಮ ಬಂದರೆ ಎರಡಕ್ಕೂ ಗುರುತು ಬೀಳುತ್ತದೆ, ಬೀಳಲೇಬೇಕು. ಬಣ್ಣದ ಬದಲು ದಪ್ಪಕ್ಷರ ಮತ್ತು ಬೂದು ಹಿನ್ನೆಲೆ ಆರಿಸಿ. ಸೊನ್ನೆಯ ಜಾಗ ಖಾಲಿ ಬಿಡಬೇಡಿ, 0 ಎಂದೇ ಬರೆಯಿರಿ.

ಕೈದಿಗಳ ಆಟವನ್ನು ಇದರಲ್ಲಿ ಹಾಕುವಾಗ ಜೈಲಿನ ವರ್ಷಗಳನ್ನು ಹಾಗೇ ತುಂಬಿದರೆ ಹೆಚ್ಚು ಶಿಕ್ಷೆಯೇ ಉತ್ತಮ ಎಂದು ಗುರುತು ಬೀಳುತ್ತದೆ. ವರ್ಷಗಳಿಗೆ ಮೈನಸ್ ಹಚ್ಚಿ.

ಖರ್ಚು, ರೂಪಾಯಿಗಳಲ್ಲಿ: ತಗಡಿನ ಪೂರ್ತಿ ಹಾಳೆ 1,150, ಪ್ಲೈ 660, ವಿನೈಲ್ ಅಚ್ಚು 12 ಚದರ ಅಡಿ 480, ಅಯಸ್ಕಾಂತದ ಎ3 ಹಾಳೆ 7ಕ್ಕೆ 1,960, ಬಿಲ್ಲೆಯ ಸ್ಟಿಕರ್ 160, ಪಟ್ಟಿ, 10 ಮಿ.ಮೀ.ಯದು 10 ಮೀಟರ್ ಮತ್ತು 20 ಮಿ.ಮೀ.ಯದು 5 ಮೀಟರ್, 610; ಯು-ಪಟ್ಟಿ 280; ಗಮ್ 190; ಪ್ಲಗ್, ಸ್ಕ್ರೂ 60. ಒಟ್ಟು 5,550. ಅರ್ಧಕ್ಕಿಂತ ಹೆಚ್ಚು ತಗಡು ಇನ್ನೂ ಉಳಿದಿದೆ. ಗುರುತು ಬಿಲ್ಲೆ, ಹೆಸರಿನ ಪಟ್ಟಿಗಳನ್ನು ಹಾಳೆಗಳ ಅಂಚಿನ ಚೂರುಗಳಿಂದ ತೆಗೆದದ್ದು.

ಹಂತ 7: ಬಳಕೆ, ಉಳಿದ ತಗಡು

ಕಪ್ಪು ಡ್ರಾಯಿಂಗ್ ಹಾಳೆಯಿಂದ ಮನೆಯ ಅರ್ಧದಷ್ಟು ತ್ರಿಕೋನಗಳನ್ನು ಕತ್ತರಿಸಿ ಹಿಂದೆ ಅಯಸ್ಕಾಂತದ ಚೂರು ಹಚ್ಚಿಟ್ಟುಕೊಳ್ಳಿ. ಗಂಗವ್ವನ ನಾಲ್ಕೂ ಅಂಕಿ ಮುಚ್ಚಿ: ಮೊದಲ ಕಂಬಸಾಲಿನಲ್ಲಿ ಬಸಪ್ಪನಿಗೆ 12 ಮೇಲೆ, 15 ಕೆಳಗೆ. 15ಕ್ಕೆ ಚೌಕ. ಎರಡನೆಯದರಲ್ಲಿ 6 ಮತ್ತು 8, 8ಕ್ಕೆ ಚೌಕ. ಈಗ ಬಸಪ್ಪನವನ್ನು ಮುಚ್ಚಿ ಗಂಗವ್ವನವನ್ನು ತೆರೆಯಿರಿ, ಅಡ್ಡಸಾಲಿಗುಂಟ 15ಕ್ಕೂ 8ಕ್ಕೂ ವೃತ್ತ. ಎರಡೂ ಗುರುತು ಬೀಳುವುದು 8-8ರ ಮನೆಗೆ ಮಾತ್ರ, 12-12ರ ಮನೆಗೆ ಒಂದೂ ಇಲ್ಲ. ಅಲ್ಪವಿರಾಮದ ಕೋಷ್ಟಕದಲ್ಲಿ ಹೀಗೆ ಒಬ್ಬರ ಅಂಕಿಗಳನ್ನಷ್ಟೇ ಮುಚ್ಚಲು ಬರುವುದಿಲ್ಲ.

640 × 1220ರ ತುಂಡು ಒಂದೇ ಅಂಕಿಯ ಕೋಷ್ಟಕಕ್ಕೆ ಹೋಯಿತು. ಕಬಡ್ಡಿಯ ಆಟ: ರೈಡರ್ ಎಡಕ್ಕೋ ಬಲಕ್ಕೋ, ಹಿಡಿಯುವವರು ಎಡ ಕಾಯುವರೋ ಬಲವೋ. ರೈಡರ್ ನೂರರಲ್ಲಿ ಎಷ್ಟು ಸಲ ಗೆಲ್ಲುತ್ತಾನೆ ಎಂಬುದೊಂದೇ ಅಂಕಿ: ಮೇಲಿನ ಸಾಲು 30, 70, ಕೆಳಗಿನ ಸಾಲು 60, 40. ಇಲ್ಲಿ ಗುರುತು ಬಿಲ್ಲೆ ಯಾವ ಮನೆಯಲ್ಲೂ ಜೋಡಿಯಾಗುವುದಿಲ್ಲ. ಮಿಶ್ರ ತಂತ್ರದ ಪಾಲನ್ನು, ಅಂದರೆ ಯಾವ ತಂತ್ರವನ್ನು ಎಷ್ಟು ಪಾಲು ಸಲ ಆಡಬೇಕು ಎಂಬುದನ್ನು, ಮನೆಯೊಳಗೆ ಬರೆಯಬೇಡಿ, ತಂತ್ರದ ಹೆಸರಿನ ಪಕ್ಕಕ್ಕೆ ಹಚ್ಚಿ: ರೈಡರ್‌ಗೆ ಎಡ 1/3, ಬಲ 2/3, ಕಾಯುವವರಿಗೆ 1/2, 1/2. ಹೆಸರಿನ ಪಟ್ಟಿಯಲ್ಲಿ ಇದಕ್ಕೆ 100 ಮಿ.ಮೀ. ಮೊದಲೇ ಬಿಟ್ಟಿರಬೇಕು.

ಮೂವರ ಆಟಕ್ಕೆ ತಗಡಿನ ಎರಡನೆಯ 1220 × 900 ತುಂಡು ಎತ್ತಿಟ್ಟಿದೆ. ಎರಡು ಹಲಗೆ ಪಕ್ಕಪಕ್ಕ, ಮೂರನೆಯವರ ಒಂದೊಂದು ತಂತ್ರಕ್ಕೆ ಒಂದೊಂದು. ಓರೆಪಟ್ಟಿ ತೆಗೆದು, ಎರಡಂಕಿಯ ಮೂರು ಜೋಡಿ ಬಿಲ್ಲೆಗಳನ್ನು ಕೆಳ-ಎಡದಿಂದ ಮೇಲ್-ಬಲಕ್ಕೆ ಮೆಟ್ಟಿಲಾಗಿ ಹಚ್ಚಿದರೆ 420 × 300 ಜಾಗ ಬೇಕು, ಗೋಡೆಯ ಪಟ್ಟಿ ಕಳೆದು ಇರುವುದು 440 × 320. ಸುತ್ತ 10 ಮಿ.ಮೀ. ಉಳಿಯುತ್ತದೆ. ಮೈನಸ್ ಬಿಲ್ಲೆಗೆ ಜಾಗ ಇಲ್ಲ, ಆದ್ದರಿಂದ ಎಲ್ಲ ಪ್ರತಿಫಲಕ್ಕೂ ಒಂದೇ ಮೊತ್ತ ಕೂಡಿಸಿ ಋಣ ಚಿಹ್ನೆ ತೆಗೆದುಹಾಕಬೇಕು. ಅದರಿಂದ ಸಮತೋಲನ ಬದಲಾಗುವುದಿಲ್ಲ. ಮೂರನೆಯವರ ಅಂಕಿಯನ್ನು ಹೋಲಿಸುವುದು ಎರಡೂ ಹಲಗೆಯ ಅದೇ ಸ್ಥಾನದ ಮನೆಗಳ ನಡುವೆ, ಅವರ ಗುರುತು ತ್ರಿಕೋನ. 40 ಮಿ.ಮೀ. ಗುರುತಿಗೆ ಆ ಮನೆಯಲ್ಲಿ ಮೇಲ್-ಎಡ ಮತ್ತು ಕೆಳ-ಬಲ ಮೂಲೆಗಳಷ್ಟೇ ಖಾಲಿ, ಮೂರು ಆಕಾರ ಅಲ್ಲಿ ಇಕ್ಕಟ್ಟಾಗುತ್ತವೆ. 25 ಮಿ.ಮೀ.ಗೆ ಇಳಿಸಿ ಬಿಲ್ಲೆಯ ಮೂಲೆಯ ಮೇಲೇ ಹಚ್ಚುವ ಪ್ರಯೋಗ ನಡೆದಿದೆ. ಅಯಸ್ಕಾಂತದ ಮೇಲೆ ಅಯಸ್ಕಾಂತ ಕೂರುವಾಗ ಅವುಗಳ ಒಳಗಿನ ಧ್ರುವದ ಪಟ್ಟಿಗಳು ಹೊಂದದೆ ಗುರುತು ಒಂದೆರಡು ಮಿ.ಮೀ. ಪಕ್ಕಕ್ಕೆ ಸರಿದು ನಿಲ್ಲುತ್ತದೆ; ಸರಿದರೂ ತನ್ನ ಬಿಲ್ಲೆಯ ಮೇಲೇ ಉಳಿದರೆ ಸಾಕು.